ಉತ್ತವರು ಯಾರು, ಪಹಣಿ ಯಾರ ಹೆಸರಿಗೆ?

ನಾವು ಆ ಸಂಗೀತವನ್ನು ಮೊದಲು ಕೇಳಿದ್ದು ಕಾಲೇಜಿನ ಒಂದು ಕೋಣೆಯಲ್ಲಿ. ಇಂಗ್ಲಿಷ್ ಮೇಷ್ಟ್ರು ಎರಡು ಸ್ಪೀಕರ್ ಸಿಕ್ಕಿಸಿ ಹಳೆಯ ರೆಕಾರ್ಡೊಂದನ್ನು ಹಾಕಿದರು. ಅಮೆರಿಕದ ಜಾರ್ಜ್ ಗರ್ಶ್ವಿನ್ ಬರೆದ ‘ರಾಪ್ಸಡಿ ಇನ್ ಬ್ಲೂ’. ಕ್ಲಾರಿನೆಟ್ಟಿನ ಒಂಟಿ ದನಿ ತಳದಿಂದ ಎದ್ದು, ಜಾರಿ, ಅಳುವೋ ನಗುವೋ ತಿಳಿಯದ ಹಾಗೆ ಮೇಲಕ್ಕೆ ಏರಿತು. ನಮ್ಮ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಬೇಕು? ಸತ್ತ ಮನೆಯಲ್ಲಿ ನಮ್ಮ ಅಜ್ಜಿಯರು ಹಾಡಿಕೊಂಡು ಅಳುವಾಗ ದನಿ ಹೀಗೇ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ.

ಮುಗಿದ ಮೇಲೆ ಮೇಷ್ಟ್ರು ಹೇಳಿದರು: “ಬೀದಿಯಲ್ಲಿ ಬಿದ್ದಿದ್ದ ಜಾಝನ್ನು ಎತ್ತಿ ಸಭಾಂಗಣಕ್ಕೆ ತಂದ ಕೃತಿ ಇದು. ಒರಟಾಗಿದ್ದದ್ದನ್ನು ಸಂಸ್ಕರಿಸಿದ ಕೃತಿ.”

ಸಂಸ್ಕರಿಸಿದ್ದು! ಈ ಮಾತಿನ ವಾಸನೆ ನಮಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮ ಮಾತನ್ನು ತಿದ್ದಿದವರು, ನಮ್ಮ ಹೆಸರನ್ನು ತಿದ್ದಿದವರು, ನಮ್ಮ ದೇವರಿಗೆ ಹೊಸ ಪೂಜಾರಿಯನ್ನು ಕೂರಿಸಿದವರು ಎಲ್ಲರೂ ಇದೇ ಮಾತು ಆಡಿದ್ದಾರೆ. ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬರು ಕಿವಿಗೆ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಹುಡುಕಲು ಕೂತೆವು. ಬೀದಿಯಲ್ಲಿ ಬಿದ್ದಿತ್ತು ಅಂತಾರಲ್ಲ, ಆ ಬೀದಿಯಲ್ಲಿ ಯಾರಿದ್ದರು? ಅವರ ರೆಕಾರ್ಡ್ ಎಲ್ಲಿದೆ? ಹುಡುಕುತ್ತ ಹೋದ ಹಾಗೆ ನಮಗೆ ಕಂಡದ್ದು ಸಂಗೀತದ ಚರಿತ್ರೆ ಮಾತ್ರ ಅಲ್ಲ. ಕಂಡದ್ದು ಒಂದು ಪಹಣಿ.

ಪಹಣಿ ಅಂದರೆ ಏನೆಂದು ಹಳ್ಳಿಯ ಮೇಷ್ಟ್ರುಗಳಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ 1974ರಲ್ಲಿ ಭೂಸುಧಾರಣೆ ಬಂದಾಗ ಉಳುವವನೇ ಒಡೆಯ ಅಂದರು. ಗೇಣಿದಾರರು ಫಾರಂ ನಂಬರ್ 7 ತುಂಬಿ ಟ್ರಿಬ್ಯುನಲ್ಲಿನ ಮುಂದೆ ನಿಂತರು. ಅಲ್ಲಿ ಕೇಳಿದ ಪ್ರಶ್ನೆ: ಪಹಣಿಯ ಸಾಗುವಳಿ ಕಾಲಮ್ಮಿನಲ್ಲಿ ನಿನ್ನ ಹೆಸರಿದೆಯಾ? ಮೂರು ತಲೆಮಾರು ಉತ್ತವನ ಹೆಸರನ್ನು ಶ್ಯಾನುಭೋಗ ಬರೆದಿರಲಿಲ್ಲ. ಬೆವರು ಸಾಕ್ಷಿ ಹೇಳಲಿಲ್ಲ. ಕಾಗದ ಸಾಕ್ಷಿ ಹೇಳಿತು. ಸಂಗೀತದಲ್ಲಿ ಗ್ರಾಮಫೋನ್ ಪ್ಲೇಟೇ ಆ ಕಾಗದ. ಯಾರ ಹೆಸರಿನಲ್ಲಿ ಪ್ಲೇಟು ಬಂತೋ ರಾಗ ಅವರದು. ಪ್ಲೇಟು ಬರದವರು ಇದ್ದೂ ಇರಲಿಲ್ಲ.

*

ನ್ಯೂಯಾರ್ಕ್, 1924ರ ಫೆಬ್ರವರಿ 12. ಗುಲಾಮಗಿರಿ ತೊಡೆದ ಅಧ್ಯಕ್ಷ ಲಿಂಕನ್ನರು ಹುಟ್ಟಿದ ದಿನ. ಅಯೋಲಿಯನ್ ಹಾಲ್ ಎಂಬ ಸಭಾಂಗಣದಲ್ಲಿ ಪಾಲ್ ವೈಟ್‌ಮನ್ ಎಂಬ ಬ್ಯಾಂಡ್ ನಾಯಕರ ಕಛೇರಿ. (ಹೆಸರೇ ವೈಟ್‌ಮನ್. ನಾವಿಟ್ಟ ಹೆಸರಲ್ಲ.) ಅದಕ್ಕೆ ‘ಆಧುನಿಕ ಸಂಗೀತದಲ್ಲಿ ಒಂದು ಪ್ರಯೋಗ’ ಎಂದು ಕರೆದಿದ್ದರು. ರಾಪ್ಸಡಿ ಮೊದಲು ಕೇಳಿಸಿದ್ದು ಅಲ್ಲೇ. ಪಿಯಾನೊ ಮುಂದೆ ಗರ್ಶ್ವಿನ್ನರೇ ಕೂತಿದ್ದರು, ವಾದ್ಯಮೇಳಕ್ಕೆ ಹೊಂದಿಸಿ ಬರೆದವರು ಫರ್ಡೆ ಗ್ರೋಫೆ. ಮೇಳದಲ್ಲಿದ್ದವರೆಲ್ಲ ಬಿಳಿಯರು.

ಆ ಕಛೇರಿ ಶುರುವಾದದ್ದು ‘ಲಿವರಿ ಸ್ಟೇಬಲ್ ಬ್ಲೂಸ್’ ಎಂಬ ತುಣುಕಿನಿಂದ. 1917ರಲ್ಲಿ ಜಾಝ್ ಎಂಬ ಹೆಸರಿನಲ್ಲಿ ಬಂದ ಮೊದಲ ಪ್ಲೇಟಿನ ಹಾಡು ಅದು. ಆ ಪ್ಲೇಟನ್ನು ನುಡಿಸಿದವರೂ ಬಿಳಿಯರ ತಂಡವೇ! ಕರಿಯರು ಕಟ್ಟಿದ ಸಂಗೀತದ ಮೊದಲ ಕಾಗದವೇ ಬೇರೆಯವರ ಹೆಸರಿಗೆ ಆಯಿತು. 1924ರ ಸಭೆಯಲ್ಲಿ ಅದನ್ನು ನುಡಿಸಿದ್ದು, ನೋಡಿ ಹತ್ತು ವರ್ಷದ ಹಿಂದೆ ಜಾಝ್ ಎಷ್ಟು ಒಡ್ಡೊಡ್ಡಾಗಿತ್ತು, ಈಗ ಎಷ್ಟು ನಯವಾಗಿದೆ ಎಂದು ತೋರಿಸುವುದಕ್ಕೆ. ಮೊದಲು ನಗಿಸುವುದು, ಆಮೇಲೆ ಉದ್ಧಾರ ಮಾಡುವುದು.

ಮರು ವರ್ಷ, 1925ರ ಡಿಸೆಂಬರಿನಲ್ಲಿ, ಗರ್ಶ್ವಿನ್ನರ ಪಿಯಾನೊ ಕಾನ್ಚೆರ್ಟೊ ಕಾರ್ನೆಗಿ ಹಾಲಿನಲ್ಲಿ ನುಡಿಯಿತು. ಅದನ್ನು ನಡೆಸಿದ ವಾಲ್ಟರ್ ಡ್ಯಾಮ್ರಾಷ್ ಎಂಬ ದೊಡ್ಡ ಮನುಷ್ಯರು ಜಾಝನ್ನು ಒಬ್ಬ ಹೆಂಗಸಿಗೆ ಹೋಲಿಸಿದರು. ಬೇರೆ ಸಂಗೀತಗಾರರು ಅವಳ ಸುತ್ತ ಸುಳಿದಾಡಿದರೇ ಹೊರತು ಮರ್ಯಾದಸ್ಥರ ಮನೆಯೊಳಕ್ಕೆ ಕರೆತರಲಿಲ್ಲ, ಗರ್ಶ್ವಿನ್ನರು ಅವಳನ್ನು ‘ಲೇಡಿ’ ಮಾಡಿದರು ಎಂಬುದು ಅವರ ಹೊಗಳಿಕೆಯ ಸಾರ. ಕನ್ನಡದಲ್ಲಿ ಹೇಳೋಣ: ಗರತಿ ಮಾಡಿದರು.

ಸ್ವಾಮಿ, ಅವಳನ್ನು ಬೀದಿಗೆ ತಂದವರು ಯಾರು? ಅವಳ ಅಮ್ಮನನ್ನು ಹರಾಜಿನ ಕಟ್ಟೆಯ ಮೇಲೆ ನಿಲ್ಲಿಸಿದವರು ಯಾರು? ಅವಳು ಹಾಡುವಾಗ ಕದ್ದು ಕೇಳಿದವರು, ಅವಳು ಕುಣಿಯುವಾಗ ಕಾಸು ಎಸೆದವರು, ಅವಳ ಹಾಡು ಕಲಿತು ಮನೆಗೆ ಹೋದ ಮೇಲೆ ಅವಳಿಗೇ ನಡತೆ ಕಲಿಸುತ್ತೀರಾ? ಮಡಿ ಉಡಿಸುವವನಿಗೆ ಮೈಲಿಗೆ ಬೇಕೇ ಬೇಕು. ಇಲ್ಲದಿದ್ದರೆ ಅವನ ಕೆಲಸವೇ ಇಲ್ಲ.

*

ಹಾಗಾದರೆ ಕರಿಯರು ಸಭಾಂಗಣಕ್ಕೆ ಬಂದೇ ಇರಲಿಲ್ಲವೇ? ಇಲ್ಲಿದೆ ಪಟ್ಟಭದ್ರರು ಮುಚ್ಚಿಟ್ಟ ಪುಟ.

ಅಯೋಲಿಯನ್ ಹಾಲಿನ ‘ಪ್ರಯೋಗ’ಕ್ಕೆ ಹನ್ನೆರಡು ವರ್ಷ ಮೊದಲೇ, 1912ರ ಮೇ 2ರಂದು, ಜೇಮ್ಸ್ ರೀಸ್ ಯುರೋಪ್ ಎಂಬ ಕರಿಯ ನಾಯಕರು ನೂರಕ್ಕೂ ಹೆಚ್ಚು ಕರಿಯ ವಾದಕರನ್ನು ಕಾರ್ನೆಗಿ ಹಾಲಿನ ವೇದಿಕೆ ಹತ್ತಿಸಿದ್ದರು. ಕ್ಲೆಫ್ ಕ್ಲಬ್ ಆರ್ಕೆಸ್ಟ್ರಾ. ಮ್ಯಾಂಡೊಲಿನ್, ಬ್ಯಾಂಜೊ, ಸಾಲು ಪಿಯಾನೊಗಳು. ಕರಿಯ ಮಕ್ಕಳಿಗೆ ಸಂಗೀತ ಕಲಿಸುವ ಶಾಲೆಯೊಂದಕ್ಕೆ ಹಣ ಕೂಡಿಸಲು ನಡೆದ ಕಛೇರಿ ಅದು. ಯಾರೂ ಅವರನ್ನು ಎತ್ತಿ ತಂದಿರಲಿಲ್ಲ. ತಮ್ಮ ಕಾಲ ಮೇಲೆ ತಾವೇ ನಡೆದು ಬಂದಿದ್ದರು.

ಹಾರ್ಲೆಮ್ಮಿನ ಪಿಯಾನೊ ವಾದಕ ಜೇಮ್ಸ್ ಪಿ. ಜಾನ್ಸನ್ ಅವರನ್ನು ತೆಗೆದುಕೊಳ್ಳಿ. ಹಾರ್ಲೆಮ್ಮಿನಲ್ಲಿ ಕರಿಯರಿಗೆ ಮನೆ ಬಾಡಿಗೆ ವಿಪರೀತ. ಬಾಡಿಗೆ ಹೊಂದಿಸಲು ಜನ ತಮ್ಮ ಮನೆಯಲ್ಲೇ ಕೂಟ ಇಟ್ಟು, ಬಂದವರಿಂದ ಕಾಸು ವಸೂಲಿ ಮಾಡುತ್ತಿದ್ದರು. ಆ ಬಾಡಿಗೆ ಕೂಟಗಳ ರಾಜ ಜಾನ್ಸನ್. ಅವರ ಎಡಗೈ ತಳದ ಒಂದು ಸ್ವರವನ್ನು ಮುಟ್ಟಿ, ಮರುಕ್ಷಣ ನಡುವಿನ ಸ್ವರಗಳ ಗೊಂಚಲಿಗೆ ಹಾರುತ್ತದೆ. ಮತ್ತೆ ತಳ, ಮತ್ತೆ ಹಾರು. ಬಲಗೈ ತಾಳಕ್ಕೆ ಸಿಕ್ಕೂ ಸಿಗದ ಹಾಗೆ ಓಡುತ್ತದೆ. ಇದಕ್ಕೆ ಸ್ಟ್ರೈಡ್ ಅಂತಾರೆ, ಅಂದರೆ ದಾಪುಗಾಲು. ಡೋಲಿಲ್ಲ, ಬಾಸ್ ಇಲ್ಲ, ಒಬ್ಬನೇ ಇಡೀ ಮೇಳವಾಗಬೇಕು. ಅವರ ‘ಕೆರೊಲಿನಾ ಶೌಟ್’ 1921ರಲ್ಲಿ ಪ್ಲೇಟಾಗಿ ಬಂತು. ಇಡೀ ಅಮೆರಿಕ 1923ರಿಂದ ಹುಚ್ಚು ಹಿಡಿದು ಕುಣಿದ ‘ಚಾರ್ಲ್‌ಸ್ಟನ್’ ಕುಣಿತದ ಹಾಡೂ ಅವರದೇ. ಗರ್ಶ್ವಿನ್ನರು ಹಾರ್ಲೆಮ್ಮಿಗೆ ಹೋಗಿ ಇವರನ್ನೂ ಇವರ ಜೊತೆಗಾರರನ್ನೂ ಕೂತು ಕೇಳಿ ಕಲಿತವರು.

ಈ ಜಾನ್ಸನ್ನರೂ ಒಂದು ರಾಪ್ಸಡಿ ಬರೆದರು. ಹೆಸರು ‘ಯಮಕ್ರಾ’. ಜಾರ್ಜಿಯಾದ ಸವಾನಾ ಊರಿನ ಕರಿಯರ ಕೇರಿಯ ಹೆಸರು ಅದು. ಗಮನಿಸಿ ಗೆಳೆಯರೇ, ಕೃತಿಗೆ ಬಣ್ಣದ ಹೆಸರಿಡಲಿಲ್ಲ, ಕೇರಿಯ ಹೆಸರಿಟ್ಟರು. 1928ರ ಏಪ್ರಿಲ್‌ನಲ್ಲಿ ಕಾರ್ನೆಗಿ ಹಾಲಿನಲ್ಲಿ ಅದು ನುಡಿಯಿತು. ಆದರೆ ಬರೆದವರೇ ಅಲ್ಲಿರಲಿಲ್ಲ. ಬ್ರಾಡ್‌ವೇ ನಾಟಕವೊಂದಕ್ಕೆ ವಾದ್ಯ ನಡೆಸುವ ಕೆಲಸದಲ್ಲಿದ್ದರು, ಬಿಟ್ಟು ಬರಲು ಆಗಲಿಲ್ಲ. ಅವರ ಬದಲು ಫ್ಯಾಟ್ಸ್ ವಾಲರ್ ಪಿಯಾನೊ ನುಡಿಸಿದರು. ತನ್ನ ಕೃತಿಯ ಹಬ್ಬಕ್ಕೆ ತನಗೇ ರಜೆ ಇಲ್ಲ. ಕೂಲಿಯವರ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಯಮಕ್ರಾವನ್ನು ವಾದ್ಯಮೇಳಕ್ಕೆ ಹೊಂದಿಸಿದವರು ವಿಲಿಯಂ ಗ್ರಾಂಟ್ ಸ್ಟಿಲ್. ಅವರೂ ಕರಿಯರು. ಇವರು 1930ರಲ್ಲಿ ‘ಆಫ್ರೊ-ಅಮೆರಿಕನ್ ಸಿಂಫನಿ’ ಬರೆದರು. ಅದರ ಮೊದಲ ಭಾಗ ನಿಂತಿರುವುದೇ ಬ್ಲೂಸಿನ ಹನ್ನೆರಡು ಅಳತೆಯ ಕಟ್ಟಿನ ಮೇಲೆ. ಮೂರನೆಯ ಭಾಗದಲ್ಲಿ ಪಿಟೀಲುಗಳ ನಡುವೆ ಬ್ಯಾಂಜೊ ಬಂದು ಕೂರುತ್ತದೆ. 1931ರಲ್ಲಿ ರಾಚೆಸ್ಟರಿನ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಇದೇ ಸ್ಟಿಲ್ಲರು ಹೊಟ್ಟೆಪಾಡಿಗೆ ವೈಟ್‌ಮನ್ನರ ಬ್ಯಾಂಡಿಗೂ ಸ್ವರ ಹೊಂದಿಸಿ ಬರೆದುಕೊಟ್ಟವರು. ಬ್ಯಾಂಡಿನ ಕಾಗದದಲ್ಲಿ ಕರಿಯ ಇರಬಹುದಿತ್ತು, ಬ್ಯಾಂಡಿನ ಕುರ್ಚಿಯಲ್ಲಿ ಇರುವಂತಿರಲಿಲ್ಲ. ಅಡಿಗೆಗೆ ನೀರು ಹೊತ್ತು ತರಲಿ, ಪಂಕ್ತಿಗೆ ಮಾತ್ರ ಬೇಡ! ಅಲ್ಲ, ನಮ್ಮೂರಲ್ಲಿ ನೀರನ್ನೂ ಮುಟ್ಟಿಸುವುದಿಲ್ಲ. ಅಷ್ಟೇ ವ್ಯತ್ಯಾಸ.

*

ಈಗ ಪಹಣಿ ಬಿಚ್ಚೋಣ.

ಗರ್ಶ್ವಿನ್ನರ ರಾಪ್ಸಡಿ ಫೆಬ್ರವರಿಯಲ್ಲಿ ನುಡಿಯಿತು. ಅದೇ 1924ರ ಜೂನ್‌ನಲ್ಲಿ ವಿಕ್ಟರ್ ಕಂಪನಿ ಅದನ್ನು ಪ್ಲೇಟಿಗೆ ಹಾಕಿತು. ಆಗಿನ್ನೂ ಮೈಕ್ ಇಲ್ಲ. ದೊಡ್ಡ ಕಹಳೆಯ ಬಾಯಿಗೆ ಎಲ್ಲರೂ ಒತ್ತಿಕೊಂಡು ನುಡಿಸಬೇಕು, ದನಿಯ ಅದುರಿಗೆ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಹನ್ನೆರಡು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು. ಕೃತಿಯನ್ನು ಕತ್ತರಿಸಿ ಎರಡು ಮಗ್ಗುಲಿಗೆ ತುಂಬಿದರು. 1925ರಲ್ಲಿ ಮೈಕಿನ ರೆಕಾರ್ಡಿಂಗ್ ಬಂತು. ಕೂಡಲೇ 1927ರಲ್ಲಿ ರಾಪ್ಸಡಿಯನ್ನು ಮತ್ತೆ ಹೊಸದಾಗಿ ರೆಕಾರ್ಡ್ ಮಾಡಿದರು. ಅಲ್ಲಿಂದ ಇಲ್ಲಿಯ ತನಕ ಎಷ್ಟು ಬಾರಿ ಆಗಿದೆಯೋ ಲೆಕ್ಕವಿಲ್ಲ. ಕಛೇರಿಯಿಂದ ಪ್ಲೇಟಿಗೆ ನಾಲ್ಕೇ ತಿಂಗಳು.

ಸ್ಟಿಲ್ಲರ ಸಿಂಫನಿ? 1931ರಲ್ಲಿ ನುಡಿದದ್ದು ಇಡಿಯಾಗಿ ರೆಕಾರ್ಡ್ ಆಗಲು ದಶಕಗಳೇ ಬೇಕಾದವು. ವಿಲಿಯಂ ಡಾಸನ್ ಎಂಬ ಇನ್ನೊಬ್ಬ ಕರಿಯರ ‘ನೀಗ್ರೊ ಫೋಕ್ ಸಿಂಫನಿ’ಯನ್ನು 1934ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಟೊಕೊವ್‌ಸ್ಕಿ ನಡೆಸಿದರು. ಅದು ರೆಕಾರ್ಡ್ ಆದದ್ದು 1963ರಲ್ಲಿ. ಜಾನ್ಸನ್ನರ ವಾದ್ಯಮೇಳದ ಕೃತಿಗಳು ಒಟ್ಟಾಗಿ ಒಂದು ಆಲ್ಬಂ ಆಗಿ ಬಂದದ್ದು 1994ರಲ್ಲಿ, ಮರಿನ್ ಆಲ್ಸಪ್ ಎಂಬಾಕೆ ನಡೆಸಿದ ಕನ್ಕಾರ್ಡಿಯಾ ಆರ್ಕೆಸ್ಟ್ರಾದಿಂದ. ಅಷ್ಟು ಹೊತ್ತಿಗೆ ಜಾನ್ಸನ್ ಸತ್ತು ಮೂವತ್ತೊಂಬತ್ತು ವರ್ಷ. ಅವರ ಸಮಾಧಿಗೆ ಹೆಸರು ಕೊರೆದ ಒಂದು ಕಲ್ಲೂ ಇರಲಿಲ್ಲ. 2009ರಲ್ಲಿ ಪಿಯಾನೊ ವಾದಕರು ಸೇರಿ ಕಛೇರಿ ಮಾಡಿ ಆ ಕಲ್ಲಿಗೆ ಹಣ ಕೂಡಿಸಿದರು. ಬದುಕಿದ್ದಾಗ ಊರಿನವರ ಬಾಡಿಗೆ ಕಟ್ಟಲು ನುಡಿಸಿದವರಿಗೆ, ಸತ್ತ ಮೇಲೆ ಮಣ್ಣಿನ ಬಾಡಿಗೆಗೂ ಕೂಟ!

ಅದೇ 2009ರಲ್ಲಿ ಇಲಿನಾಯ್ ರಾಜ್ಯದ ಸೇಂಟ್ ಆನ್ ಎಂಬ ಊರಿನಲ್ಲಿ ಪಾಳುಬಿದ್ದ ಮನೆಯೊಂದರಲ್ಲಿ ಕಾಗದದ ರಾಶಿ ಸಿಕ್ಕಿತು. ಅವು ಫ್ಲಾರೆನ್ಸ್ ಪ್ರೈಸ್ ಬರೆದ ಸ್ವರಲಿಪಿಗಳು. 1933ರಲ್ಲಿ ಷಿಕಾಗೊ ಸಿಂಫನಿ ಆರ್ಕೆಸ್ಟ್ರಾ ಈಕೆಯ ಮೊದಲ ಸಿಂಫನಿಯನ್ನು ನುಡಿಸಿತ್ತು. ಕರಿಯ ಹೆಣ್ಣೊಬ್ಬಳ ಸಿಂಫನಿ ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಮುಟ್ಟಿದ್ದು ಅದೇ ಮೊದಲು. ಹತ್ತು ವರ್ಷದ ಮೇಲೆ, 1943ರಲ್ಲಿ, ಬಾಸ್ಟನ್ನಿನ ದೊಡ್ಡ ಸಂಗೀತ ನಿರ್ದೇಶಕರೊಬ್ಬರಿಗೆ ಆಕೆ ಪತ್ರ ಬರೆದರು. ನನಗೆ ಎರಡು ತೊಡಕು, ಹೆಣ್ಣಾದದ್ದು ಒಂದು, ಮೈಯಲ್ಲಿ ಕರಿಯರ ರಕ್ತ ಇರುವುದು ಇನ್ನೊಂದು ಎಂದು ತಾವೇ ಮುಂದಾಗಿ ಹೇಳಿಕೊಂಡು, ಕೃತಿಯನ್ನು ಅದರ ಗುಣದಿಂದ ನೋಡಿ ಎಂದು ಕೇಳಿದರು. ಅವರು ಅದನ್ನು ನುಡಿಸಲಿಲ್ಲ. ಪ್ರೈಸ್ 1953ರಲ್ಲಿ ತೀರಿಕೊಂಡರು. 2021ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಆಕೆಯ ಎರಡು ಸಿಂಫನಿಗಳ ರೆಕಾರ್ಡ್ ತಂದಿತು, 2022ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ನಾವು ಕೇಳಿದೆವು. ಮೂರನೆಯ ಭಾಗದಲ್ಲಿ ‘ಜೂಬಾ’ ಕುಣಿತ ಇದೆ. ತೊಡೆ, ಎದೆ, ಅಂಗೈ ತಟ್ಟಿ ತಾಳ ಹಾಕುವ ಗುಲಾಮರ ಕುಣಿತ. ಯಾಕೆ ಮೈ ತಟ್ಟುತ್ತಿದ್ದರು ಗೊತ್ತೇ? 1739ರಲ್ಲಿ ದಕ್ಷಿಣ ಕೆರೊಲಿನಾದ ಗುಲಾಮರು ಡೋಲು ಬಡಿದು ದಂಗೆ ಎದ್ದರು. ಮರುವರ್ಷ ಕಾನೂನು ಮಾಡಿ ಅವರ ಡೋಲು ಕಿತ್ತುಕೊಂಡರು. ಡೋಲು ಕಿತ್ತುಕೊಂಡರೆ ಮೈಯೇ ಡೋಲಾಯಿತು!

ಬರೀ ತಡ ಮಾಡಿದ್ದಷ್ಟೇ ಅಲ್ಲ, ಬೇರೆ ಪಂಕ್ತಿಯನ್ನೂ ಹಾಕಿದರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಪ್ಲೇಟು ಬಿಸಿ ದೋಸೆ ಹಾಗೆ ಖರ್ಚಾಯಿತು. ಆಗ ಕಂಪನಿಗಳಿಗೆ ಕರಿಯರ ಜೇಬಿನಲ್ಲೂ ಕಾಸಿದೆ ಅಂತ ಹೊಳೆಯಿತು. ಅವರಿಗೆಂದೇ ಬೇರೆ ಪ್ಲೇಟು, ಬೇರೆ ಕ್ಯಾಟಲಾಗು, ಬೇರೆ ನಂಬರಿನ ಸಾಲು. ‘ರೇಸ್ ರೆಕಾರ್ಡ್ಸ್’ ಎಂದು ಹೆಸರು. ನಮಗೆ ಇದನ್ನು ಓದಿದಾಗ ಊರ ಹೋಟೆಲಿನ ಸೂರಿಗೆ ಸಿಕ್ಕಿಸಿದ್ದ ಬೇರೆ ಲೋಟ ನೆನಪಾಯಿತು. ಚಹಾ ಅದೇ, ಕಾಸು ಅದೇ, ಲೋಟ ಮಾತ್ರ ಬೇರೆ.

*

ಡ್ಯೂಕ್ ಎಲಿಂಗ್ಟನ್ನರ ಕಥೆಯನ್ನು ಬಿಡುವಂತಿಲ್ಲ. 1943ರ ಜನವರಿ 23ರಂದು ಕಾರ್ನೆಗಿ ಹಾಲಿನಲ್ಲಿ ಅವರು ‘ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್’ ನುಡಿಸಿದರು. ಮುಕ್ಕಾಲು ಗಂಟೆಯ ಕೃತಿ. ದುಡಿಮೆಯ ಹಾಡಿನಿಂದ ಶುರುವಾಗಿ ಅಮೆರಿಕದ ಕರಿಯರ ಇಡೀ ಚರಿತ್ರೆ. ಶಾಸ್ತ್ರೀಯ ವಿಮರ್ಶಕರು ಇದು ಸಿಂಫನಿ ಅಲ್ಲ ಅಂದರು. ಜಾಝ್ ವಿಮರ್ಶಕರಲ್ಲೂ ಕೆಲವರು ಇದು ಜಾಝ್ ಅಲ್ಲ ಅಂದರು. ಅಂದರೆ ಎಲಿಂಗ್ಟನ್ ಕೂರಬೇಕಾದ ಜಾಗವನ್ನು ಬೇರೆಯವರು ಮೊದಲೇ ಗೆರೆ ಎಳೆದು ಇಟ್ಟಿದ್ದರು. 1944ರ ಡಿಸೆಂಬರಿನಲ್ಲಿ ವಿಕ್ಟರ್ ಕಂಪನಿ ತುಂಡುಗಳನ್ನಷ್ಟೇ ಪ್ಲೇಟಿಗೆ ಹಾಕಿತು. ಅವತ್ತಿನ ಕಛೇರಿಯ ಪೂರ್ತಿ ರೆಕಾರ್ಡಿಂಗ್ ಜನರಿಗೆ ಸಿಕ್ಕಿದ್ದು 1977ರಲ್ಲಿ. ಎಲಿಂಗ್ಟನ್ 1974ರಲ್ಲೇ ಕಣ್ಣು ಮುಚ್ಚಿದ್ದರು.

1963ರಲ್ಲಿ ಅಮೆರಿಕ ಸರ್ಕಾರ ಇದೇ ಎಲಿಂಗ್ಟನ್ನರನ್ನು ತನ್ನ ಖರ್ಚಿನಲ್ಲಿ ಏಷ್ಯಾದ ದೇಶಗಳಿಗೆ ಕಳಿಸಿತು. ಭಾರತಕ್ಕೂ ಬಂದರು. ನೋಡಿ ನಮ್ಮ ಪ್ರಜಾಪ್ರಭುತ್ವ ಎಂದು ತೋರಿಸಲು ಕರಿಯ ಸಂಗೀತಗಾರ ಬೇಕಿತ್ತು. ಅದೇ 1963ರ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಕರಿಯರ ಚರ್ಚಿಗೆ ಬಾಂಬಿಟ್ಟು ನಾಲ್ಕು ಹುಡುಗಿಯರನ್ನು ಕೊಂದಿದ್ದರು. 1965ರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಸಂಗೀತದ ತೀರ್ಪುಗಾರರು ಎಲಿಂಗ್ಟನ್ನರಿಗೆ ವಿಶೇಷ ಗೌರವ ಕೊಡಿ ಎಂದು ಶಿಫಾರಸು ಮಾಡಿದರು. ಮಂಡಳಿ ಒಪ್ಪಲಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆ ಎಸೆದರು. ಅರವತ್ತಾರು ವರ್ಷದ ಎಲಿಂಗ್ಟನ್, ಚಿಕ್ಕ ವಯಸ್ಸಿಗೇ ಹೆಚ್ಚು ಹೆಸರು ಬರದಿರಲಿ ಎಂದು ವಿಧಿಯ ಆಸೆ ಇರಬೇಕು ಎಂಬರ್ಥದ ಮಾತಾಡಿ ನಕ್ಕರು. ಆ ನಗು ನಮಗೆ ಗೊತ್ತು. ನಮ್ಮ ಅಪ್ಪಂದಿರು ಗೌಡರ ಜಗಲಿಯ ಕೆಳಗೆ ನಿಂತು ನಗುತ್ತಿದ್ದ ನಗು ಅದು. ಕೊನೆಗೆ ಮಂಡಳಿ ಗೌರವ ಕೊಟ್ಟಿತು. 1999ರಲ್ಲಿ. ಯಾರಿಗೆ? ಸತ್ತು ಇಪ್ಪತ್ತೈದು ವರ್ಷವಾದವರಿಗೆ. ಅದಕ್ಕೆ ಒಂದು ವರ್ಷ ಮೊದಲು ಗರ್ಶ್ವಿನ್ನರಿಗೆ ಕೊಟ್ಟಾಗಿತ್ತು. ಸರದಿ ತಪ್ಪಬಾರದಲ್ಲ!

*

ಇಲ್ಲಿಗೆ ಒಬ್ಬರು ಎದ್ದು ನಿಂತು ಕೇಳುತ್ತಾರೆ: “ಕಲೆಗೆ ಎಲ್ಲಿಯ ಜಾತಿ, ಎಲ್ಲಿಯ ಬಣ್ಣ? ಗರ್ಶ್ವಿನ್ ಕೆಟ್ಟವರೇ?”

ಇಲ್ಲ. ಗರ್ಶ್ವಿನ್ ನಮ್ಮ ಶತ್ರು ಅಲ್ಲ. ರಷ್ಯಾದಿಂದ ಬಂದ ಬಡ ಯಹೂದಿ ವಲಸಿಗರ ಮಗ. ಕರಿಯರಿಂದ ಕಲಿತದ್ದನ್ನು ಮುಚ್ಚಿಟ್ಟವರೂ ಅಲ್ಲ. ಅವರ ಒಂದು ಪ್ರಸಿದ್ಧ ಹಾಡಿನ ಎಳೆ ಸ್ಟಿಲ್ಲರದು ಎಂಬ ವಾದ ಇದೆ. ಅದು ಸಾಬೀತಾಗಿಲ್ಲ, ಆ ತೀರ್ಪು ನಾವು ಕೊಡುವುದಿಲ್ಲ. ಸುಳ್ಳು ಆರೋಪ ನಮಗೆ ಬೇಡ, ನಿಜವೇ ಸಾಕಷ್ಟಿದೆ. ನಮ್ಮ ಜಗಳ ಒಬ್ಬ ಪ್ರತಿಭಾವಂತನ ಜೊತೆ ಅಲ್ಲ. ಒಬ್ಬನಿಗೆ ನಾಲ್ಕು ತಿಂಗಳು, ಇನ್ನೊಬ್ಬಳಿಗೆ ಒಂದು ಜನ್ಮ ಎಂದು ಬರೆದ ಶ್ಯಾನುಭೋಗನ ಜೊತೆ. 1930ರಲ್ಲಿ ವೈಟ್‌ಮನ್ನರನ್ನು ‘ಜಾಝಿನ ರಾಜ’ ಎಂದು ಕರೆದು ಒಂದು ಸಿನಿಮಾ ಬಂತು. ಅದರ ಕೊನೆಯ ದೃಶ್ಯದಲ್ಲಿ ಯೂರೋಪಿನ ಒಂದೊಂದು ದೇಶದ ಸಂಗೀತವನ್ನೂ ಒಂದು ದೊಡ್ಡ ಹಂಡೆಗೆ ಸುರಿದು ಕುದಿಸುತ್ತಾರೆ, ಹಂಡೆಯಿಂದ ಜಾಝ್ ಬರುತ್ತದೆ. ಆ ಹಂಡೆಗೆ ಆಫ್ರಿಕ ಬೀಳಲೇ ಇಲ್ಲ. ಕಲೆಗೆ ಬಣ್ಣವಿಲ್ಲ ಅನ್ನುವವರು ಆ ದೃಶ್ಯ ನೋಡಲಿ. ಬಣ್ಣವಿಲ್ಲದಿದ್ದರೆ ಕರಿ ಬಣ್ಣವನ್ನೇ ಹುಡುಕಿ ಹೇಗೆ ಬಿಟ್ಟಿರಿ?

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. ಇದು ಕಹಿ.

1921ರಲ್ಲಿ ಹ್ಯಾರಿ ಪೇಸ್ ಎಂಬ ಕರಿಯರು ಹಾರ್ಲೆಮ್ಮಿನಲ್ಲಿ ತಮ್ಮವರದೇ ಪ್ಲೇಟಿನ ಕಂಪನಿ ಕಟ್ಟಿದರು, ‘ಬ್ಲ್ಯಾಕ್ ಸ್ವಾನ್’. ಕರಿ ಹಂಸ. ಅದರ ಸಂಗೀತದ ಕೆಲಸದಲ್ಲಿ ಇದೇ ವಿಲಿಯಂ ಗ್ರಾಂಟ್ ಸ್ಟಿಲ್ ಇದ್ದರು. ಆಡಳಿತ ಮಂಡಳಿಯಲ್ಲಿ ಡು ಬಾಯ್ಸ್ ಇದ್ದರು. ಕೊಲಂಬಿಯಾದಲ್ಲಿ 1913ರಿಂದ 1916ರ ತನಕ ಓದಿದ ನಮ್ಮ ಬಾಬಾಸಾಹೇಬರು, 1946ರಲ್ಲಿ ನಿಮ್ಮ ಜನರ ಸ್ಥಿತಿಯೂ ನಮ್ಮ ಜನರ ಸ್ಥಿತಿಯೂ ಒಂದೇ ಎಂಬರ್ಥದಲ್ಲಿ ಪತ್ರ ಬರೆದದ್ದು ಇದೇ ಡು ಬಾಯ್ಸ್ ಅವರಿಗೆ. ಇಷ್ಟು ದೊಡ್ಡವರು ಸೇರಿ ಕಟ್ಟಿದ ಕಂಪನಿ. ಅದರ ಬಾಗಿಲಿಗೆ ಬೆಸ್ಸಿ ಸ್ಮಿತ್ ಬಂದರು. ಆ ದನಿ ಒರಟು, ನಮ್ಮ ಮರ್ಯಾದೆಗೆ ಸಾಲದು ಎಂದು ಅವರನ್ನು ಬೇಡವೆಂದರು. ಬೆಸ್ಸಿ 1923ರಲ್ಲಿ ಬಿಳಿಯರ ಕೊಲಂಬಿಯಾ ಕಂಪನಿಗೆ ಹಾಡಿದರು. ಜನ ಮುಗಿಬಿದ್ದು ಕೊಂಡರು. ಅದೇ ವರ್ಷದ ಕೊನೆಗೆ ಬ್ಲ್ಯಾಕ್ ಸ್ವಾನ್ ದಿವಾಳಿಯಾಯಿತು. ದೊಡ್ಡ ಕಂಪನಿಗಳ ಪೈಪೋಟಿ ಅದನ್ನು ತಿಂದದ್ದು ನಿಜ. ಆದರೆ ತನ್ನ ಬೀದಿಯ ದನಿಗೇ ಬಾಗಿಲು ಹಾಕಿದ್ದೂ ನಿಜ.

ಗೆಳೆಯರೇ, ಆ ರೋಗ ನಮ್ಮಲ್ಲಿ ಇಲ್ಲವೇ? ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಹಾಸ್ಟೆಲ್ಲಿನಲ್ಲಿ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದಾಗ ಕೂಲಿ ಅಂದೆವು, ತಮಟೆ ಬಡೀತಾರೆ ಅನ್ನಲಿಲ್ಲ. ಊರ ಜಾತ್ರೆಯಲ್ಲಿ ಅಪ್ಪ ತಮಟೆ ಕಾಯಿಸಿ ದೇವರ ಮುಂದೆ ಹೆಜ್ಜೆ ಹಾಕುವಾಗ ನಾವು ಗುಂಪಿನ ಹಿಂದೆ ಅಡಗಿದೆವು. ಅಡಗಿದ್ದಕ್ಕೆ ಕಾರಣ ಇತ್ತು. ಅಮೆರಿಕದಲ್ಲಿ ಡೋಲನ್ನು ಕೈಯಿಂದ ಕಿತ್ತುಕೊಂಡರು, ಇಲ್ಲಿ ತಮಟೆಯನ್ನು ಕೊರಳಿಗೆ ಕಟ್ಟಿದರು. ಅಲ್ಲಿ ನುಡಿಸಿದರೆ ಶಿಕ್ಷೆ, ಇಲ್ಲಿ ನುಡಿಸದಿದ್ದರೆ ಬಹಿಷ್ಕಾರ. ಬಿಟ್ಟಿ ಚಾಕರಿಯ ತಮಟೆಯನ್ನು ಎಸೆಯಿರಿ ಎಂದ ನಮ್ಮ ಹಿರಿಯರ ಮಾತು ನೂರಕ್ಕೆ ನೂರು ಸರಿ. ಅದೇ ಹಿರಿಯರು ಹೋರಾಟದ ಮೆರವಣಿಗೆಯಲ್ಲಿ ಅದೇ ತಮಟೆಯನ್ನು ನೆಟ್ಟಗೆ ನಿಂತು ಬಡಿದದ್ದೂ ಸರಿ. ಚಾಕರಿಯನ್ನು ಎಸೆಯಬೇಕು, ತಾಳವನ್ನು ಎಸೆಯಬಾರದು. ನಾವು ಎಸೆದ ತಾಳವನ್ನು ನಾಳೆ ಯಾರೋ ‘ಸಂಸ್ಕರಿಸಿ’ ಸಭಾಂಗಣಕ್ಕೆ ತರುತ್ತಾರೆ. ಆಗ ಚಪ್ಪಾಳೆ ತಟ್ಟಲು ಟಿಕೆಟ್ ಕೊಂಡು ನಾವೇ ಹೋಗಬೇಕಾಗುತ್ತದೆ. ಮೃದಂಗಕ್ಕೆ ಚರ್ಮ ಹದ ಮಾಡಿದವನ ಹೆಸರು ಯಾವ ಕಛೇರಿಯ ಕರಪತ್ರದಲ್ಲಿ ಅಚ್ಚಾಗಿದೆ, ತೋರಿಸಿ.

ಕೆಲವು ಸಂಗಾತಿಗಳು ಅಂತಾರೆ: “ಅನ್ನ, ನೆಲ, ಮೀಸಲಾತಿ ಬಿಟ್ಟು ಅಮೆರಿಕದ ಪಿಯಾನೊ ಯಾಕಯ್ಯ? ಅದು ಉಳ್ಳವರ ವಾದ್ಯ.” ನಿಜ, ವಾದ್ಯ ಉಳ್ಳವರದು. ಇಂಗ್ಲಿಷೂ ಉಳ್ಳವರದೇ, ಸಂವಿಧಾನ ಬರೆದ ಪೆನ್ನೂ ಅವರ ಅಂಗಡಿಯದೇ. ಯಾರ ಕೈಗೆ ಬಂದು ಏನು ಹೇಳಿತು ಎಂಬುದು ಪ್ರಶ್ನೆ. ಜಾನ್ಸನ್ನರ ಎಡಗೈ ಪಿಯಾನೊವನ್ನು ಡೋಲು ಮಾಡಿತು. ಕಾನೂನು ಕಿತ್ತುಕೊಂಡ ಡೋಲನ್ನು ಯಜಮಾನನ ದಿವಾನಖಾನೆಯ ವಾದ್ಯದೊಳಗಿಂದಲೇ ಬಡಿದು ಎಬ್ಬಿಸಿತು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ಅದೇ ಜನರಿಂದ ತಂದರು. ಹೆಸರು ತಂದವರಿಗೆ ದನಿ ಕೇಳುವ ಹಕ್ಕಿಲ್ಲವೇ?

*

ನಾವು ರಾಪ್ಸಡಿಯನ್ನು ಕೇಳಬೇಡಿ ಅನ್ನುವುದಿಲ್ಲ. ಕೇಳಿ. ಆದರೆ ಒಂಟಿಯಾಗಿ ಕೇಳಬೇಡಿ, ಪಕ್ಕದಲ್ಲಿ ಯಮಕ್ರಾ ಇಟ್ಟು ಕೇಳಿ. 1996ರಲ್ಲಿ ಮಾರ್ಕಸ್ ರಾಬರ್ಟ್ಸ್ ಹಾಗೆಯೇ ಮಾಡಿದರು. ಇವರು ಐದನೆಯ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಕರಿಯ ಪಿಯಾನೊ ವಾದಕರು. ಒಂದೇ ಆಲ್ಬಮ್ಮಿನಲ್ಲಿ ಎರಡನ್ನೂ ನುಡಿಸಿದರು. ಗರ್ಶ್ವಿನ್ನರ ಸ್ವರಗಳ ನಡುವೆ ತನ್ನ ಜನರ ಬ್ಲೂಸ್, ತನ್ನ ಜನರ ದಾಪುಗಾಲು ತುಂಬಿದರು. ಬೈಯಲಿಲ್ಲ, ಬೇಡಲಿಲ್ಲ. ಉತ್ತವರ ಹೆಸರನ್ನು ಪಹಣಿಯಲ್ಲಿ ತಾವೇ ಬರೆದರು.

ನಮಗೂ ಅದೇ ಕೆಲಸ ಇದೆ. ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಜೇಬಿನ ಮೊಬೈಲು ತೆಗೆಯಿರಿ. ತಮಟೆಯವರ, ಹಲಗೆಯವರ, ಸೋಬಾನೆ ಹಾಡುವ ಅಮ್ಮಂದಿರ, ಸತ್ತ ಮನೆಯಲ್ಲಿ ಹಾಡಿ ಅಳುವ ಅಜ್ಜಿಯರ ದನಿ ಹಿಡಿಯಿರಿ. ಅವರನ್ನು ಕೇಳಿ, ಒಪ್ಪಿಸಿ, ಆಮೇಲೆ ಹಿಡಿಯಿರಿ. ‘ಜನಪದ’ ಎಂದು ಮಾತ್ರ ಬರೆದು ಬಿಡಬೇಡಿ. ಜನಪದ ಅಂದರೆ ಹೆಸರು ಬರೆಯದೆ ಬಿಟ್ಟ ಕಾಲಮ್ಮು. ಹಾಡಿದವರ ಹೆಸರು ಬರೆಯಿರಿ, ಅಪ್ಪನ ಹೆಸರು, ಅಮ್ಮನ ಹೆಸರು, ಕೇರಿಯ ಹೆಸರು, ತಾರೀಕು ಬರೆಯಿರಿ. ಒಂದು ಪ್ರತಿ ಅವರ ಮನೆಯಲ್ಲೇ ಇರಲಿ.

ಮೊನ್ನೆ ಊರಿಗೆ ಹೋದಾಗ ನಾವು ಅಪ್ಪನ ಮುಂದೆ ಮೊಬೈಲು ಇಟ್ಟೆವು. ಅಪ್ಪ ತಮಟೆ ಕಾಯಿಸುತ್ತ ಕೇಳಿದ: “ಯಾಕ್ಲಾ, ಇದನ್ಯಾಕೆ ಹಿಡ್ಕೊಂಡೋಯ್ತೀಯ?”

“ನಿನ್ನ ಹೆಸರಿಗೆ ಮಾಡ್ಸಕ್ಕೆ ಕಣಪ್ಪ” ಅಂದೆವು.

ಅಪ್ಪ ಮೊದಲ ಪೆಟ್ಟು ಹಾಕಿದ.